ಹನ್ನೊಂದು ಶ್ರೀ

೨೦-೨-೧೯೫೭, ಬುಧವಾರ. ಕೃಷ್ಣರಾಜನಗರ.

ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆಗೆಯುವ ಮುಂಚೆಯೇ ಮೂವರು ನಿಂತಿದ್ದರು. ಒಬ್ಬರಿಗೆ ಮದುವೆ ಪತ್ರಿಕೆ, ಒಬ್ಬರಿಗೆ ತಂದೆಯ ಶಿವಗಣಾರಾಧನೆ ಕಾರ್ಡು, ಅಭ್ಯರ್ಥಿಯ ಕಡೆಯ ಅಂಕಯ್ಯನಿಗೆ ಎಲೆಕ್ಷನ್ ಕರಪತ್ರ. ಮೂರೂ ಸಂಜೆಯೊಳಗೆ ಬೇಕು! ಮಾಲೀಕರು ಷಣ್ಮುಖಪ್ಪನವರು, "ಯಾವುದು ಮೊದ್ಲು ಅಂತ ನೀನೇ ನೋಡ್ಕೊಳಯ್ಯ" ಎಂದು ಮೈಸೂರು ಬಸ್ಸು ಹತ್ತಿಬಿಟ್ಟರು. ನನ್ನ ಮೇಲೆ ಬಿಟ್ಟದ್ದು ಇದೇ ಮೊದಲು.

ಆರಾಧನೆ ಕಾರ್ಡು ಚಿಕ್ಕದು, ಅದನ್ನು ಮೊದಲು ಮುಗಿಸಿದೆ. ಆಮೇಲೆ ಸಿಕ್ಕಿಕೊಂಡೆ. ನಮ್ಮ ಪ್ರೆಸ್ಸಿನಲ್ಲಿ 'ಶ್ರೀ' ಅಕ್ಷರದ ಮೊಳೆ ಇರುವುದೇ ಹನ್ನೊಂದು. ಮದುವೆ ಪತ್ರಿಕೆ ಹನ್ನೊಂದನ್ನೂ ನುಂಗಿತು. ಬೀಗರ ಹೆಸರಿಗೆ ಶ್ರೀ ಬಿಡುವ ಧೈರ್ಯ ಯಾರಿಗಿದೆ? ಅದು ಅಚ್ಚಾಗಿ ಮೊಳೆ ಬಿಚ್ಚುವವರೆಗೆ ಕಾದರೆ ಕರಪತ್ರ ನಾಳೆಗೆ ಹೋಗುತ್ತದೆ. ಅಭ್ಯರ್ಥಿಯ ಹೆಸರನ್ನು ಶ್ರೀ ಇಲ್ಲದೆಯೇ ಜೋಡಿಸಿಬಿಟ್ಟೆ.

ಸಂಜೆ ಅಂಕಯ್ಯ ಓದಿದ. "ಶ್ರೀ ಎಲ್ಲೋಯ್ತಲಾ?"

ಅವನು ಇನ್ನೊಮ್ಮೆ ಓದಿ ನಕ್ಕ. "ಬುಡು ಕಣ್ಲಾ, ಇಂಗೇ ನಮ್ಮೂರೋನಂಗೆ ಕಾಣ್ತಾನೆ. ಇನ್ನೊಂದು ಸಾವ್ರ ಆಕು. ಅರ್ಜೆಂಟು!"

ಅಷ್ಟರಲ್ಲಿ ಮದುವೆ ಪತ್ರಿಕೆ ಮುಗಿದು ಹನ್ನೊಂದು ಶ್ರೀಯೂ ಕೈಗೆ ಬಂದಿದ್ದವು. ಒಂದನ್ನೂ ಮುಟ್ಟಲಿಲ್ಲ.