ನಿನ್ನ ಪಾಲಿನ ಅರ್ಧ ಮಾತ್ರೆ

ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯಪ್ಪಾ? ತೊಡೆಯ ನೋವು ಇಳಿಯಿತೇ? ಈಗ ಯಾರ ಕೈಯೂ ಹಿಡಿಯದೆ ಬಚ್ಚಲಿಗೆ ಹೋಗಿಬರುತ್ತೀಯಂತೆ, ಮೂತ್ರವೂ ತಿಳಿಯಾಗಿದೆಯಂತೆ. ಆಸ್ಪತ್ರೆಯಿಂದ ನಿನ್ನನ್ನು ತನ್ನ ಊರಿಗೆ ಕರೆದುಕೊಂಡು ಹೋದ ನಿನ್ನ ಮಗಳು ಮೊನ್ನೆ ಫೋನಿನಲ್ಲಿ ಹೇಳಿದಳು. ಅರವತ್ತೊಂದು ವರ್ಷದ ತಮ್ಮನ ಮೂತ್ರದ ಬಣ್ಣ ಕೇಳಿ ಅಣ್ಣ ಹಿಗ್ಗುವ ಕಾಲ ಬಂತಲ್ಲ ಎಂದು ನಗುತ್ತೀಯೇನೋ. ನಗು, ನಿನಗೆ ಆ ಹಕ್ಕಿದೆ. ಇಲ್ಲಿ ಅಂಗಡಿ ಹೇಗೋ ನಡೆಯುತ್ತಿದೆ. ಹೊಲಿಗೆ ನನ್ನ ಕೈಗೆ ಹತ್ತುವುದಿಲ್ಲ, ನಿನಗೆ ಗೊತ್ತೇ ಇದೆ. ನಾನು ಹೊಲಿದ ರಿಜಿಸ್ಟರನ್ನು ವಕೀಲರ ಗುಮಾಸ್ತ ಹಿಂದೆ ಮುಂದೆ ತಿರುಗಿಸಿ ನೋಡಿ, "ನಿಮ್ಮ ತಮ್ಮ ಯಾವಾಗ ಬರ್ತಾರೆ?" ಎಂದು ಕೇಳಿದ. ಮೈಯೆಲ್ಲ ಉರಿಯಿತು. ಆದರೆ ಅವನು ಕೇಳಿದ್ದು ಸರಿಯಾಗಿಯೇ ಇತ್ತು.

ಸುತ್ತಿ ಬಳಸಿ ಬರೆಯುತ್ತಿದ್ದೇನೆ, ವಿಷಯಕ್ಕೆ ಬರಲು ಮುಖವಿಲ್ಲ. ಕಾಗದದ ಹೊರೆ ಎತ್ತಿ ನಿನ್ನ ಮಾಂಸಖಂಡಕ್ಕೆ ಪೆಟ್ಟಾಯಿತು, ಅದರಿಂದ ಕಿಡ್ನಿ ಕೆಟ್ಟಿತು ಎಂದು ಎಲ್ಲರೂ ನಂಬಿದ್ದಾರೆ. ನಂಬಿಸಿದವನು ನಾನು. ನಿನಗೆ ಹೀಗಾದದ್ದು ನಾನು ಕೊಡುತ್ತಿದ್ದ ಮಾತ್ರೆಯಿಂದ. ಗುರುವಾರ ನೀನು ಕಿಡ್ನಿ ಡಾಕ್ಟರಿಗೆ ತೋರಿಸಲು ಹೋಗುವ ಮೊದಲು ಇದು ನಿನಗೆ ತಿಳಿಯಲೇಬೇಕು.

ಎರಡು ವರ್ಷದ ಹಿಂದೆ ನನಗೆ ಕೊಲೆಸ್ಟ್ರಾಲ್ ಮಾತ್ರೆ ಬರೆದುಕೊಟ್ಟರಲ್ಲ, ಅಂದು ನನಗೆ ಅಪ್ಪನದೇ ನೆನಪು. ಕಟಿಂಗ್ ಮೇಜಿನ ಮುಂದೆ ಎದೆ ಹಿಡಿದುಕೊಂಡು ಕುಸಿದರಲ್ಲ, ಆ ನೆನಪು. ನೀನೋ ಸೂಜಿ ಕಂಡರೆ ಮಾರುದೂರ ಓಡುವವನು. ರಕ್ತ ಪರೀಕ್ಷೆಗೆ ಬಾ ಎಂದರೆ ಜೀವ ಕೊಡು ಎಂದ ಹಾಗೆ ಆಡುತ್ತಿದ್ದೆ. "ಒಂದೇ ಅಪ್ಪನ ಮಕ್ಕಳು ಕಣೋ, ನನಗಿರೋದು ನಿನಗೂ ಇರತ್ತೆ" ಎಂದು ನಾನೇ ಡಾಕ್ಟರಾಗಿಬಿಟ್ಟೆ. ಒಂದು ಹಾಳೆಯನ್ನು ಎರಡು ರಟ್ಟಿಗೆ ಹೊಂದಿಸಿ ಕತ್ತರಿಸುವ ಕಸುಬಿನವರು ನಾವು. ರಟ್ಟಿಗೆ ಹೊದಿಸುವ ಚರ್ಮ ಹೆರೆಯುವ ಚಾಕುವಿನಿಂದ ಮಾತ್ರೆಯನ್ನೂ ಸರಿಪಾಲು ಮಾಡಿದೆ. ಅರ್ಧ ನನಗೆ, ಅರ್ಧ ನಿನಗೆ. ಚೂರೂ ಪುಡಿಯಾಗದಂತೆ ಕತ್ತರಿಸುತ್ತೇನೆ ಎಂದು ನನಗೆ ಜಂಬ ಬೇರೆ. ನನ್ನ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಇಳಿಯಲೇ ಇಲ್ಲ. "ಸರಿಯಾಗಿ ತಗೋತಿದ್ದೀರಾ?" ಎಂದು ಡಾಕ್ಟರಮ್ಮ ಕೇಳಿದರು. ಒಂದು ದಿನವೂ ತಪ್ಪಿಸಿಲ್ಲ ಎಂದೆ. ಪಾಪ, ಅವರು ನಂಬಿ ಇಮ್ಮಡಿ ಶಕ್ತಿಯದು ಬರೆದರು. ನಿನ್ನ ಅರ್ಧವೂ ಇಮ್ಮಡಿಯಾಯಿತು.

ಆಮೇಲೆ ನಿನಗೆ ಆ ಕೆಮ್ಮು ಬಂತು. ಮೂಲೆಯ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. ಆಂಟಿಬಯಾಟಿಕ್ ಬರೆಯುವ ಮೊದಲು ಆ ಡಾಕ್ಟರು ನಿನ್ನನ್ನು ಕೇಳಿದರು: "ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?" ನೀನು ಬಾಯಿ ತೆರೆಯುವಷ್ಟರಲ್ಲಿ ನಾನು, "ಏನೂ ಇಲ್ಲ ಡಾಕ್ಟ್ರೇ, ಇವನು ಗುಂಡುಕಲ್ಲಿನ ಹಾಗಿದ್ದಾನೆ" ಎಂದೆ. ನೀನು ನನ್ನ ಮುಖ ನೋಡಿದೆ. ಮೇಜಿನ ಕೆಳಗೆ ನಿನ್ನ ಕಾಲು ತುಳಿದೆ. ಇನ್ನೊಬ್ಬರ ಹೆಸರಿನ ಮಾತ್ರೆ ಹಂಚಿದೆ ಎಂದರೆ ಬೈಯುತ್ತಾರಲ್ಲ, ಅಷ್ಟೇ ನನ್ನ ಭಯ. ಒಂದು ಬೈಗುಳ ತಪ್ಪಿಸಿಕೊಳ್ಳಲು ನಿನ್ನನ್ನು ಒತ್ತೆಯಿಟ್ಟೆ. ಹತ್ತು ದಿನಕ್ಕೆ ನಿನಗೆ ಮೆಟ್ಟಿಲು ಹತ್ತಲಾಗಲಿಲ್ಲ, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಆಸ್ಪತ್ರೆಯಲ್ಲಿ ಕಾರಣ ಕೇಳಿದಾಗ ನನಗೆ ಮಾತ್ರೆಯ ನೆನಪು ಬರಲಿಲ್ಲ ಎಂದರೆ ಅದೂ ಸುಳ್ಳು. ಬಂತು. ನುಂಗಿಕೊಂಡು ಹೊರೆಯ ಕಥೆ ಹೇಳಿದೆ.

ನಿನ್ನೆ ಸಂಜೆ ನನ್ನ ಕೆಮ್ಮಿಗೂ ಆ ಕ್ಲಿನಿಕ್ಕಿನಲ್ಲಿ ಅದೇ ಆಂಟಿಬಯಾಟಿಕ್ ಬರೆದುಕೊಟ್ಟರು. ಚೀಟಿ ನೋಡಿದ ಮೆಡಿಕಲ್ ಶಾಪಿನಾಕೆ ಕೈ ತಡೆದಳು. "ನೀವು ಕೊಲೆಸ್ಟ್ರಾಲ್ ಮಾತ್ರೆ ತಗೋತೀರಲ್ವಾ? ಇದ್ರ ಜೊತೆ ಅದು ಆಗಲ್ಲ. ಅದು ರಕ್ತದಲ್ಲಿ ಜಾಸ್ತಿಯಾಗಿ ಮಾಂಸಖಂಡ ಹಾಳಾಗತ್ತೆ, ಕಿಡ್ನಿಗೂ ತೊಂದ್ರೆ. ಡಾಕ್ಟರನ್ನ ಕೇಳಿ ಬನ್ನಿ" ಎಂದಳು. ಅವಳು ನಿನ್ನ ಕಾಯಿಲೆಯನ್ನೇ ಓದಿ ಹೇಳುತ್ತಿದ್ದಾಳೆ ಎನಿಸಿತು. ಅಂಗಡಿಯ ಮೆಟ್ಟಿಲಿನ ಮೇಲೆಯೇ ಕುಳಿತುಬಿಟ್ಟೆ.

ಇಂದು ಬೆಳಿಗ್ಗೆ ನಮ್ಮ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಕೆಮ್ಮಿಗೆ ಬೇರೆ ಔಷಧಿ ಬರೆದರು. ಮಾತ್ರೆ ಕೆಟ್ಟದ್ದೇನಲ್ಲ, ನಿಮಗೆ ಅದು ಬೇಕು, ಆದರೆ ಪೂರ್ತಿ ತಗೊಂಡರೆ ಎಷ್ಟು ಸಾಕು ಅನ್ನುವುದನ್ನು ಮತ್ತೆ ಮೊದಲಿಂದ ನೋಡಬೇಕು ಎಂದರು. ನಿನಗೆ ಬೇಕೋ ಬೇಡವೋ ಎಂಬುದನ್ನು ನಿನ್ನ ರಕ್ತ ನೋಡಿ ನಿನ್ನ ಡಾಕ್ಟರೇ ಹೇಳಬೇಕಂತೆ. "ನಿಮ್ಮ ತಮ್ಮನಿಗೆ ಇವತ್ತೇ ಫೋನ್ ಮಾಡಿ" ಎಂದು ಎರಡು ಸಲ ಹೇಳಿದರು. ಮೂರು ಸಲ ನಿನ್ನ ನಂಬರು ಒತ್ತಿದೆ. ರಿಂಗಾಗುವ ಮೊದಲೇ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಿನ್ನ ದನಿ ಕೇಳುತ್ತಾ ಇದನ್ನೆಲ್ಲ ಹೇಳುವ ಗಂಡಸುತನ ನನ್ನಲ್ಲಿಲ್ಲ. ನನಗೆ ನಾಚಿಕೆಯಾಗುತ್ತಿದೆ ತಮ್ಮಾ. ಅಣ್ಣನೆಂದು ಕರೆಸಿಕೊಳ್ಳಲೂ ನಾಚಿಕೆ.

ಮಗಳು ಅಳಿಯನಿಗೆ ನನ್ನ ಆಶೀರ್ವಾದ, ಮೊಮ್ಮಗಳಿಗೆ ಒಂದು ಮುತ್ತು. ನೀನು ಬೇಗ ಗಟ್ಟಿಯಾಗು, ನನ್ನ ಆಯುಸ್ಸೂ ನಿನಗಿರಲಿ.

ನಿನ್ನ ಅಣ್ಣ

ತಾ.ಕ.: ಲಕೋಟೆ ಅಂಟಿಸುವಾಗ ಹೊಳೆಯಿತು, ಈ ಕಾಗದ ಶುಕ್ರವಾರಕ್ಕಿಂತ ಮೊದಲು ನಿನಗೆ ಮುಟ್ಟುವುದಿಲ್ಲ. ನಿನ್ನ ಮಗಳಿಗೇ ಫೋನ್ ಮಾಡಿ ಹೇಳಿದೆ. ಅವಳು ಫೋನ್ ಹಿಡಿದುಕೊಂಡೇ ಹೋಗಿ ನಿನ್ನ ಅಂಗಿಯ ಜೇಬು ನೋಡಿದಳು. ಕಾಗದದ ಪೊಟ್ಟಣದಲ್ಲಿ ನಾನು ಕತ್ತರಿಸಿ ಕೊಟ್ಟಿದ್ದ ಅರ್ಧ ಮಾತ್ರೆಗಳಿದ್ದವು. ಭಾನುವಾರದಿಂದ ಮತ್ತೆ ಶುರು ಮಾಡಿದ್ದೀಯಂತೆ. ಆಸ್ಪತ್ರೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದ್ದಕ್ಕೆ, "ಅಣ್ಣ ಏನೂ ಇಲ್ಲ ಅಂದಮೇಲೆ ನಾನು ಹೇಗೆ ಹೌದು ಅನ್ಲಿ?" ಎಂದೆಯಂತೆ. ಮತ್ತೆ ಯಾಕೆ ತಗೊಂಡೆ ಎಂದಾಗ ನೀನು ಹೇಳಿದ್ದು ನನಗೇ ಕೇಳಿಸಿತು: "ಅವನು ನಿಲ್ಲಿಸು ಅನ್ನಲಿಲ್ವಲ್ಲ." ಅವಳು ನಿನ್ನನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದಾಳೆ. ನಾನೂ ಹೊರಟಿದ್ದೇನೆ, ಕಾಗದ ನನ್ನ ಕೈಯಲ್ಲೇ ಇದೆ. ನಿಲ್ಲಿಸು ತಮ್ಮಾ. ಡಾಕ್ಟರು ಕೇಳಿದರೆ ನನ್ನ ಮುಖ ನೋಡಬೇಡ, ಇದ್ದದ್ದನ್ನು ಹೇಳು.