ಓರೆ ಕಾಲಿನ ಪ್ಯಾಂಟು

ಜೂನ್ 9, ಬೆಳಿಗ್ಗೆ 11
ನಮ್ಮ ಮೊಬೈಲ್ ಆಟದ ಐವತ್ತೊಂಬತ್ತನೇ ಲೆವೆಲ್ ಕಟ್ಟಿ ಮುಗಿಯಿತು. ಇನ್ನೊಂದೇ. ಫ್ಯಾನ್ ತಿರುಗುತ್ತಿದೆ, ಗಾಳಿ ಮಾತ್ರ ಇಲ್ಲ. ಬಳ್ಳಾರಿ!

ಆ್ಯಪ್ ಸ್ಟೋರಿಗೆ ವಿವರಣೆ ಬರೆದೆ: ‘ಪರದೆ ತುಂಬ ಜೀನ್ಸ್ ಬಟ್ಟೆ. ಪ್ಯಾಂಟಿನ ತುಂಡುಗಳನ್ನು ಬಟ್ಟೆ ವ್ಯರ್ಥವಾಗದಂತೆ ಕೂರಿಸಿ. ಹೇಗೆ ಬೇಕಾದರೂ ತಿರುಗಿಸಿ!’ ಆ ತಿರುಗಿಸುವುದೇ ಆಟದ ಜೀವ. ನನಗೆ ಹೊಳೆದದ್ದು. ಎರಡು ವರ್ಷದ ದುಡಿಮೆ. ಕೋಡ್ ಶರಣನದು. ಕಾಲೇಜಿನಿಂದ ಜೊತೆಗಿದ್ದಾನೆ. ‘ವಿಭಾ ಹೇಳಿದ್ದೇ ಫೈನಲ್’ ಅನ್ನುತ್ತಾನೆ.

ನಾಳೆ ಕುರುಗೋಡಿಗೆ ಹೋಗಬೇಕಂತೆ. ಅವನ ಸೋದರಮಾವ ಮರಿಬಸಪ್ಪ ಇಲ್ಲಿಯ ಜೀನ್ಸ್ ಯೂನಿಟ್ಟುಗಳಲ್ಲಿ ಮೂವತ್ತು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದವರು. ‘ಒಂದ್ಸಲ ತೋರ್ಸೂಣು’ ಅಂದ. ತೋರಿಸೋಣ. ಹೊಗಳುತ್ತಾರೆ.

ಜೂನ್ 10
ಹೊಗಳಲಿಲ್ಲ.

ಕನ್ನಡಕ ಏರಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ನಾನು ಕಾಲಿನ ತುಂಡನ್ನು ಓರೆಯಾಗಿ ತಿರುಗಿಸಿ ಮೂಲೆಗೆ ಕೂರಿಸಿದೆ. ಹೆಮ್ಮೆಯಿಂದಲೇ.

‘ಯವ್ವಾ, ಹಂಗ ಇಟ್ರ ಪ್ಯಾಂಟು ಕೆಡ್ತೈತಿ’ ಅಂದರು. ‘ಬಟ್ಟಿಗೆ ದಾರದ ದಿಕ್ಕು ಅಂತ ಇರ್ತೈತಿ. ಓರೆ ಕೊಯ್ದ್ರ, ವಾಷಿಂಗಿಗೆ ಹೋಗಿ ಬಂದ ಮ್ಯಾಲ ಕಾಲು ತಿರುಚ್ಕಂತೈತಿ. ಹಾಕ್ಕಂಡಾವ ಮುಂದಕ್ಕ ನಡದ್ರ ಹೊಲಿಗಿ ಪಕ್ಕಕ್ಕ ನಡೀತೈತಿ.’

ಶರಣ ಬಿದ್ದು ಬಿದ್ದು ನಕ್ಕ. ‘ಮಾವಾ, ಇದನ್ನ ಆಟದಾಗ ಹಾಕೂಣು!’

‘ಇದು ಆಟ, ಫ್ಯಾಕ್ಟರಿ ಅಲ್ಲ’ ಅಂದೆ. ಯಾರಿಗೂ ಕೇಳಿಸಲಿಲ್ಲ. ಮಾಸ್ಟರ್ ಹೆಂಡತಿ ಸುವರ್ಣಮ್ಮ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಂದಿಟ್ಟರು. ನಾನು ಮುಟ್ಟಲಿಲ್ಲ.

ಜೂನ್ 18
ಮಾಸ್ಟರ್ ಈಗ ದಿನಾ ಬಸ್ಸಿನಲ್ಲಿ ನಮ್ಮ ರೂಮಿಗೆ ಬರುತ್ತಾರೆ. ನನ್ನ ಕುರ್ಚಿಯಲ್ಲೇ ಕೂರುತ್ತಾರೆ.

ಶರಣ ಆಟವನ್ನೇ ಬದಲಿಸಿದ. ತುಂಡನ್ನು ಓರೆ ಇಡಬಹುದು... ಆದರೆ ಪ್ಯಾಂಟು ಹೊಲಿಗೆಯಾಗಿ, ತೊಳೆದು ಬಂದಾಗ ಕಾಲು ತಿರುಚಿರುತ್ತದೆ. ಅದನ್ನು ಹಾಕಿಕೊಂಡ ಪುಟ್ಟ ಮನುಷ್ಯ ಅಡ್ಡಡ್ಡ ನಡೆದು ಗೋಡೆಗೆ ಗುದ್ದಿಕೊಳ್ಳುತ್ತಾನೆ. ನನ್ನ ಅರವತ್ತು ಲೆವೆಲ್‌ಗಳಲ್ಲಿ ಐವತ್ತನಾಲ್ಕು ಸತ್ತವು. ಅವುಗಳ ಉತ್ತರವೇ ಓರೆ.

‘ನಿನ್ನ ಐಡಿಯಾನ ಐತಲ್ಲ, ಸ್ವಲ್ಪ ಚೇಂಜ್’ ಅಂದ. ಸ್ವಲ್ಪವಂತೆ!

ನಿಜವಾದ ಉರಿ ಅದಲ್ಲ. ಎರಡು ವರ್ಷದಲ್ಲಿ ನನಗೆ ಒಮ್ಮೆಯೂ ಭಲೇ ಅನ್ನದವನು ಮಾಸ್ಟರಿಗೆ ದಿನಕ್ಕೆ ಹತ್ತು ಸಲ ಅನ್ನುತ್ತಾನೆ. ಫೋನ್ ಅನ್‌ಲಾಕ್ ಮಾಡಲೂ ಬಾರದ ಮುದುಕನ ಮೇಲೆ ಹೊಟ್ಟೆಕಿಚ್ಚು. ನಾಚಿಕೆಯಾಗುತ್ತದೆ. ಆದರೂ ಹೊಟ್ಟೆಕಿಚ್ಚೇ.

ಜೂನ್ 27
ಶರಣನ ಜೊತೆ ಜಗಳ. ಕೊನೆಗೆ ಒಪ್ಪಂದ: ಸಿರುಗುಪ್ಪದಲ್ಲಿ ಅನಿತಾ ಅನ್ನುವವರು ನಡೆಸುವ ಟೇಲರಿಂಗ್ ಕ್ಲಾಸಿದೆ, ಹನ್ನೆರಡು ಹೆಂಗಸರು. ನನ್ನ ಹಳೆಯದು, ಮಾಸ್ಟರ ಹೊಸದು, ಎರಡೂ ಆಟ ಅವರ ಕೈಗೆ ಕೊಡುವುದು. ಅವರು ಮೆಚ್ಚಿದ್ದೇ ರಿಲೀಸ್. ಶರಣನಿಗೆ ಕೆಲಸ ರಾಶಿ ಇದೆ, ನಾನೊಬ್ಬಳೇ ಹೋಗಬೇಕು. ‘ನಿನ್ನ ಮ್ಯಾಲೆ ನಂಬಿಕಿ ಐತಿ ಬಿಡು’ ಅಂದ.

ಜುಲೈ 3, ಸಿರುಗುಪ್ಪ ಬಸ್ ಸ್ಟ್ಯಾಂಡ್, ಸಂಜೆ 4
ನನ್ನದು ಆಡುವಾಗ ಕ್ಲಾಸು ಗಪ್‌ಚುಪ್. ಒಬ್ಬಳು ‘ತಿರುಗಿಸಿ ತಿರುಗಿಸಿ ಬೆರಳು ನೋಯಾಕ ಹತ್ಯಾವ್ರಿ ಮೇಡಂ’ ಅಂದಳು.

ಮಾಸ್ಟರದು ಕೊಟ್ಟೆ. ಐದೇ ನಿಮಿಷ. ಒಬ್ಬರ ಮೇಲೊಬ್ಬರು ಬಿದ್ದು ನಗು. ‘ಅಯ್ಯ, ನಮ್ಮ ಮನಿಯಾವ್ರು ಥೇಟ್ ಹಿಂಗ ನಡೀತಾರ!’ ಉಚ್ಚಂಗೆಮ್ಮ ಅನ್ನುವಾಕೆ ಬೇಕಂತಲೇ ಓರೆ ಇಟ್ಟು ಆ ಪುಟ್ಟ ಮನುಷ್ಯನನ್ನು ಮತ್ತೆ ಮತ್ತೆ ಗೋಡೆಗೆ ಗುದ್ದಿಸಿದಳು. ಫೋನ್ ಕಸಿದುಕೊಳ್ಳಬೇಕಾಯಿತು.

ಹಾಳೆಯಲ್ಲಿ ಟಿಕ್ ಹಾಕಿಸಿದೆ. ನನ್ನದಕ್ಕೆ ಎರಡು. ಮಾಸ್ಟರದಕ್ಕೆ ಹತ್ತು.

ಬಸ್ಸು ಬಂದಿಲ್ಲ. ಬ್ಯಾಗಿನಲ್ಲಿ ಖಾಲಿ ಹಾಳೆ ಇದೆ.

ಜುಲೈ 4
ಕೊಟ್ಟೆ. ನಾನೇ ತುಂಬಿದ ಹೊಸ ಹಾಳೆ. ನನ್ನದಕ್ಕೆ ಹತ್ತು, ಮಾಸ್ಟರದಕ್ಕೆ ಎರಡು. ಟಿಕ್‌ಗಳನ್ನು ಬೇರೆ ಬೇರೆ ಪೆನ್ನಲ್ಲಿ ಹಾಕಿದ್ದೆ. ಏನು ಬುದ್ಧಿ ನನ್ನದು!

ಶರಣ ಎರಡು ಸಲ ಓದಿದ. ಮಾಸ್ಟರ್ ಕೈಗೆ ಕೊಟ್ಟ. ಮಾಸ್ಟರ್ ಕನ್ನಡಕ ಒರೆಸಿಕೊಂಡರು. ‘ಹೊಲಿಯೋ ಹೆಣ್ಮಕ್ಕಳು ಸುಳ್ಳು ಹೇಳಂಗಿಲ್ಲ. ನಿಂದ ಛಲೋ ಐತಿ ಯವ್ವಾ. ನನಗ ಆಟ ತಿಳೀಲಿಲ್ಲ.’ ಚೀಲ ತೆಗೆದುಕೊಂಡು ಹೋದರು.

ಕುರ್ಚಿ ಸಿಕ್ಕಿತು. ಖುಷಿಯಾಗಿದ್ದೇನೆ. ಖುಷಿಯಾಗಿಯೇ ಇದ್ದೇನೆ.

ಜುಲೈ 19
ಬರೆಯಲು ಆಗಿರಲಿಲ್ಲ.

ಶರಣ ವಿಡಿಯೊ ತೋರಿಸಿದ. ಕುರುಗೋಡಿನ ಪಡಸಾಲೆ. ಮಾಸ್ಟರ್ ಗೋಡೆಗೆ ಒರಗಿ ನನ್ನ ಆಟ ಆಡುತ್ತಿದ್ದಾರೆ. ಎರಡು ವಾರದಿಂದ ದಿನಾ ಇದೇ ಅಂತೆ. ಮೂವತ್ತೆರಡನೇ ಲೆವೆಲ್. ಸುವರ್ಣಮ್ಮನ ದನಿ: ‘ಸಾಕು ಬಿಡ್ರಿ, ಕಣ್ಣು ಹೋಗ್ತಾವ.’

ಅವರು: ‘ಇರು. ಅಷ್ಟು ಮಂದಿ ಮೆಚ್ಚ್ಯಾರ ಅಂದ್ರ ಇದರಾಗ ಏನೋ ಐತಿ. ನನಗ ಕಾಣವಲ್ದು.’

ಏನೂ ಇಲ್ಲ ಮಾಸ್ಟರ್. ಅಲ್ಲಿ ಏನೂ ಇಲ್ಲ.

ಜುಲೈ 21, ಬೆಳಿಗ್ಗೆ 10
ಹನ್ನೆರಡಕ್ಕೆ ಅಪ್‌ಲೋಡ್. ಶರಣ ಕ್ರೆಡಿಟ್ಸ್ ಪರದೆ ಕಳಿಸಿದ. ವಿನ್ಯಾಸ: ವಿಭಾ. ನನ್ನೊಬ್ಬಳದೇ ಹೆಸರು. ಮಾಸ್ಟರದನ್ನು ಅವರೇ ತೆಗೆಸಿದರಂತೆ. ‘ನನ್ನ ಕೆಲಸ ಅದರಾಗ ಇಲ್ಲ, ಹೆಸರು ಯಾಕಪ್ಪ?’

ಎರಡು ವರ್ಷ ಇದೇ ಸಾಲಿಗಾಗಿ ಕಾದಿದ್ದೆ. ನೋಡಲಾಗದೆ ಫೋನ್ ಬೋರಲು ಹಾಕಿದೆ.

10.50
ಕುರುಗೋಡಿಗೆ ಫೋನ್ ಮಾಡಿದೆ. ಮಾಸ್ಟರಿಗೆ ಎಲ್ಲ ಹೇಳಿದೆ. ಬಸ್ ಸ್ಟ್ಯಾಂಡ್, ಖಾಲಿ ಹಾಳೆ, ಹತ್ತು, ಎರಡು. ಹೊಟ್ಟೆಕಿಚ್ಚಿಗೆ ಮಾಡಿದೆ ಅಂತಲೂ ಹೇಳಿದೆ. ಬೈಯಲಿ ಅಂತ ಕಾದೆ. ಆಮೇಲೆ, ಮೆಲ್ಲಗೆ —

‘ಹಂಗಾರ... ಅವರು ನಕ್ರೇನವ್ವಾ?’

‘ನಕ್ಕರು. ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.’

‘ನಾ ಹೇಳಿದ್ದಕ್ಕ?’

‘ನೀವು ಹೇಳಿದ್ದಕ್ಕೇ.’

ಅವರೂ ನಕ್ಕರು. ಮಕ್ಕಳ ಹಾಗೆ. ದೇವರಾಣೆ, ಆಗಲೂ ನನ್ನ ಹೊಟ್ಟೆ ಉರಿಯಿತು.

ಇನ್ನು ಶರಣನಿಗೆ ಹೇಳಬೇಕು. ಕೆಳಗೆ ಬೈಕ್ ನಿಂತಿತು. ನಿಜವಾದ ಹಾಳೆ ಮೇಜಿನ ಮೇಲೆ ಬಿಚ್ಚಿಟ್ಟಿದ್ದೇನೆ. ಮೆಟ್ಟಿಲು ಹತ್ತುತ್ತಿದ್ದಾನೆ. ಮೊದಲ ಮಾತು ಏನಂತ —