ಅಟ್ಟವಿಲ್ಲದ ಮನೆ

೧೫ ಜನವರಿ ೧೯೭೯, ಸೋಮವಾರ. ಕಿಟ್ವೆ, ಜಾಂಬಿಯಾ.

ತಲೆಯ ಮೇಲೆ ಉರುಳುತ್ತಿರುವುದು ಏನು? ಅದು ಗೊತ್ತಾಗದೆ ನಿದ್ದೆ ಬರುವ ಹಾಗಿಲ್ಲ.

ಈ ದೇಶಕ್ಕೆ ಬಂದು ಐದು ದಿನ. ಇವತ್ತು ಹೊಸ ಶಾಲೆಯಲ್ಲಿ ಮೊದಲ ಪಾಠ. ಹುಡುಗಿಯರು ನನ್ನ ಇಂಗ್ಲಿಷಿಗೆ ನಗಲಿಲ್ಲ, ಸೀರೆಯ ನೆರಿಗೆ ಎಣಿಸುತ್ತಾ ಕೂತಿದ್ದರು. ಶಾಲೆಯವರು ಕೊಟ್ಟ ಫ್ಲಾಟಿನಲ್ಲಿ ಎಲ್ಲವೂ ಇದೆ, ಅಟ್ಟ ಒಂದಿಲ್ಲ.

ಸಂಜೆ ಇವರು ಚಾಪೆಯ ಮೇಲೆ ಒರಗಿದ್ದಾಗ ಮೇಲೆ ದಡದಡ ಸದ್ದಾಯಿತು. ಥೇಟ್ ನಮ್ಮೂರು ಹೊನ್ನವಳ್ಳಿ ಮನೆಯದೇ ಸದ್ದು, ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ ಕಾಯಿಗಳ ನಡುವೆ ಇಲಿ ಓಡಾಡಿದಂತೆ.

"ಇಲಿ ಬಂದೈತೆ ಕಣೇ, ಬಡಿ ಅತ್ಲಾಗೆ" ಎಂದರು ಇವರು, ಕಣ್ಣು ಮುಚ್ಚಿಕೊಂಡೇ.

ನಾನೂ ಕೊಡೆ ತೆಗೆದುಕೊಂಡು ಛಾವಣಿಗೆ ನಾಲ್ಕು ಸಲ ಕುಟ್ಟಿ "ಹುಶ್!" ಎಂದೆ. ಸದ್ದು ನಿಂತಿತು. ಆಮೇಲೆ ಹೊಳೆಯಿತು.

"ರೀ, ಇಲ್ಲಿ ಅಟ್ಟ ಎಲ್ಲೈತ್ರೀ? ಮ್ಯಾಲಿರೋದು ನಮ್ಮ ಹೆಡ್ಮಿಸ್ಸು ಕಣ್ರೀ!"

ಇವರು ದಡಕ್ಕನೆ ಎದ್ದು ಕೂತರು. "ಹೋಯ್ತು ಬುಡು ನಿನ್ನ ಕೆಲ್ಸ."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಬಾಗಿಲಲ್ಲಿ ಹೆಡ್ಮಿಸ್ಸು ಮಿಸೆಸ್ ಮುಲೆಂಗಾ, ಬರಿಗಾಲಲ್ಲಿ, ಏದುಸಿರು ಬಿಡುತ್ತಾ. ಇಂಗ್ಲಿಷಿನಲ್ಲಿ ಕೇಳಿದ್ದು ಇಷ್ಟೇ: "ಕರೆದಿರಲ್ಲ, ಏನು ಬೇಕಿತ್ತು?"

ಬಾಯಿಗೆ ಬಂದದ್ದು ಉಪ್ಪು. ನಮ್ಮ ಡಬ್ಬಿ ತುಂಬಾ ಉಪ್ಪಿದೆ. ನಮ್ಮೂರಲ್ಲಾದರೆ ದೀಪ ಹಚ್ಚಿದ ಮೇಲೆ ಯಾರೂ ಉಪ್ಪು ಕೊಡುವುದಿಲ್ಲ. ಆಕೆ ಓಡಿಹೋಗಿ ಒಂದು ಬಟ್ಟಲು ತಂದುಕೊಟ್ಟರು.

ಈಗ ಮತ್ತೆ ಉರುಳುತ್ತಿದೆ. ನಾಳೆ ಬಟ್ಟಲು ಹಿಂದಿರುಗಿಸುವ ನೆಪದಲ್ಲಿ ಹೋಗಿ ನೋಡಬೇಕು. ಅಲ್ಲಿಯವರೆಗೆ ಕಾಯುವುದು ಕಷ್ಟ. ಕೊಡೆಯನ್ನು ಇವರು ತಬ್ಬಿಕೊಂಡು ಮಲಗಿದ್ದಾರೆ, ನನ್ನ ಕೈಗೆ ಸಿಗದ ಹಾಗೆ.